ಸೀಟಕ್ಕನ ಗಾಡಿ

ಬಸ್ ನಿಲ್ದಾಣದ ಹಿಂದಿನ ಗೇಟಿನಿಂದ ಹೊರಬಿದ್ದರೆ ಎದುರಿಗೇ ಒಂದು ಸಾಲು ಅಂಗಡಿಗಳು. ಬ್ಯಾಟರಿಯವನು, ಟೈರಿನವನು, ಬಸ್ಸಿಗೆ ಗಾಜು ಕೂರಿಸುವವನು. ಕೊನೆಯದು ಸೀಟಕ್ಕನದು. ಹೆಸರು ಬರೆದ ಬೋರ್ಡಿಲ್ಲ. ಬಾಗಿಲ ಮುಂದೆ ಹೊಟ್ಟೆ ಹರಿದುಕೊಂಡ ಸೀಟುಗಳು ಗುಡ್ಡೆ ಬಿದ್ದಿರುತ್ತವಲ್ಲ, ಅದೇ ಬೋರ್ಡು. ಬಸ್ಸಿನದು, ಆಟೋದ್ದು, ಬೈಕಿನದು, ಒಮ್ಮೊಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯೂ ಬರುವುದುಂಟು. ಮೂವತ್ತು ವರ್ಷದಿಂದ ಅದೇ ಕೆಲಸ. "ಜನರ ಮುಖ ಮರೆತುಹೋಗುತ್ತೆ, ಹಿಂಭಾಗ ಮರೆಯಲ್ಲ" ಅಂತ ಅವಳು ಹೇಳಿದರೆ ಟೈರಿನವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಹಾಗೆ ಮಾತಾಡುತ್ತಿದ್ದದ್ದು ಗಂಡ ಇರುವವರೆಗೆ.

ಗಂಡ ಲಿಫ್ಟ್ ರಿಪೇರಿಯವನು. ಆಸ್ಪತ್ರೆ, ಆಫೀಸು, ಐದಂತಸ್ತಿನ ಮನೆಗಳು, ಎಲ್ಲಿ ಲಿಫ್ಟ್ ಸಿಕ್ಕಿಹಾಕಿಕೊಂಡರೂ ಅವನಿಗೇ ಫೋನು. ಮಕ್ಕಳಾಗಲಿಲ್ಲ. ಅದಕ್ಕಾಗಿ ಅಳುವುದನ್ನೆಲ್ಲ ಇಬ್ಬರೂ ಮೊದಲ ಹತ್ತು ವರ್ಷದಲ್ಲೇ ಅತ್ತು ಮುಗಿಸಿದ್ದರು. ಆಮೇಲೊಂದು ದಿನ ಅವನು ಯಾರೋ ಬಳಸಿ ಬಿಟ್ಟ ಬೈಕೊಂದನ್ನು ತಳ್ಳಿಕೊಂಡು ಬಂದ. ಎರಡು ಸಿಲಿಂಡರಿನ, ದೂರದ ಪ್ರಯಾಣಕ್ಕೆಂದೇ ಮಾಡಿದ ಭಾರಿ ಗಾಡಿ. ಎಮ್ಮೆಯ ಬೆನ್ನಿನಂಥ ಟ್ಯಾಂಕು, ಎದೆಮಟ್ಟದ ಗಾಳಿಗಾಜು, ಹಿಂದೆ ಎಡಕ್ಕೊಂದು ಬಲಕ್ಕೊಂದು ಪೆಟ್ಟಿಗೆ.

"ಇದನ್ನ ಯಾವ ಸುಖಕ್ಕೆ ತಂದ್ರಿ?" ಅಂದಿದ್ದಳು.

"ದಿನವಿಡೀ ಮೇಲಕ್ಕೆ ಕೆಳಕ್ಕೆ ಹೋಗಿ ಹೋಗಿ ಸಾಕಾಗಿದೆ ಕಣೇ. ರಜೆಯಲ್ಲಾದರೂ ಮುಂದಕ್ಕೆ ಹೋಗೋಣ."

ಹೋದರು. ವರ್ಷಕ್ಕೆರಡು ಸಲ, ಮೂರು ದಿನ, ಐದು ದಿನ, ಒಮ್ಮೆ ಹನ್ನೊಂದು ದಿನ. ಅವನು ಮುಂದೆ, ಅವಳು ಹಿಂದೆ. ಗಾಳಿಯ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವೆಂದು ಕೈಯಲ್ಲೇ ಮಾತು ಮಾಡಿಕೊಂಡಿದ್ದರು. ಅವಳು ಹತ್ತಿ ಕೂತು, ಹೆಲ್ಮೆಟ್ ಬಿಗಿದು, ಅವನ ಬಲಭುಜದ ಮೇಲೆ ಎರಡು ಸಲ ತಟ್ಟಿದರೆ ಹೊರಡು ಅಂತ ಅರ್ಥ. ಒಂದು ಸಲ ತಟ್ಟಿದರೆ ನಿಲ್ಲಿಸು. ಎರಡು ತಟ್ಟು ಬೀಳದೆ ಅವನು ಕ್ಲಚ್ ಬಿಡುತ್ತಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾದರೂ ಸರಿಯೇ.

ಐವತ್ತು ದಾಟುತ್ತಿದ್ದಂತೆ ಅವನಿಗೆ ಮಂಡಿನೋವು ಶುರುವಾಯಿತು. "ನೂರು ಕಿಲೋಮೀಟರ್ ಆಗೋದರೊಳಗೆ ಕಾಲು ಮಡಚಿದ ಚಾಕು ಆಗಿಬಿಡುತ್ತೆ" ಅನ್ನುತ್ತಿದ್ದ. ಸೀಟಕ್ಕನಿಗೆ ಇದೇನು ದೊಡ್ಡ ಕೆಲಸ? ಸೀಟು ಎತ್ತರವಾದರೆ ಮಂಡಿ ಅಷ್ಟು ಮಡಚಬೇಕಾಗಿಲ್ಲ. ಅವನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಸೀಟು ಬಿಚ್ಚಿದಳು. ಮುಂಭಾಗಕ್ಕೆ ಒಂದೂವರೆ ಇಂಚಿನ ಗಟ್ಟಿ ಫೋಮ್ ಅಂಟಿಸಿ, ಅಂಚು ಸವರಿ, ಹೊಸ ರೆಕ್ಸಿನ್ ಎಳೆದು, ಎರಡೆಳೆ ಹೊಲಿಗೆ ಹಾಕಿದಳು. ಸಂಜೆ ಅವನು ಬಂದು ಕೂತು ನೋಡಿದ. ಗಾಡಿ ಡಬಲ್ ಸ್ಟ್ಯಾಂಡಿನ ಮೇಲೆ ನಿಂತಿತ್ತು.

"ಇದು ಸೀಟಲ್ಲ ಕಣೇ, ಸಿಂಹಾಸನ!" ಅಂದ.

ಬೇರೆ ಯಾರ ಗಾಡಿಯಾದರೂ ಆಗಿದ್ದರೆ ಅವಳು ಸ್ಟ್ಯಾಂಡ್ ತೆಗೆಸಿ, ಕೂರಿಸಿ, ಎರಡೂ ಪಾದ ನೆಲಕ್ಕೂರಿಸಿ, ಬಗ್ಗಿ ಹಿಮ್ಮಡಿ ನೋಡುತ್ತಿದ್ದಳು. ಹಿಮ್ಮಡಿ ತಾಗದಿದ್ದರೆ ಆ ಸೀಟು ಅಂಗಡಿಯ ಹೊಸಿಲು ದಾಟುತ್ತಿರಲಿಲ್ಲ. ಅವಳೇ ಮಾಡಿಕೊಂಡ ಕಟ್ಟುನಿಟ್ಟು ಅದು. ಗಂಡನಿಗೆ ಮಾತ್ರ ನೋಡಲಿಲ್ಲ. ಇಪ್ಪತ್ತೈದು ವರ್ಷ ಜೊತೆಗೆ ಬಾಳಿದವನ ಅಳತೆ ಏನು ನೋಡುವುದು ಅಂತ ಬಿಟ್ಟಳು.

ಆ ಸಲ ಹೊರಟದ್ದು ಉತ್ತರದ ರಸ್ತೆಗೆ. ಎರಡು ದಿನದ ದಾರಿ, ಕೊನೆಯಲ್ಲಿ ಆಚೆ ದಡ ಕಾಣದಷ್ಟು ದೊಡ್ಡ ಸರೋವರ ಇದೆ ಅಂತ ಯಾರೋ ಅವನಿಗೆ ಹೇಳಿದ್ದರು. ಅರವತ್ತೆರಡು ಕಿಲೋಮೀಟರ್ ಚೆನ್ನಾಗಿಯೇ ಹೋಯಿತು. ಮಂಡಿ ನೋಯುತ್ತಿಲ್ಲ ಅಂತ ಅವನು ಎಡಗೈ ಎತ್ತಿ ಹೆಬ್ಬೆರಳು ತೋರಿಸಿದ. ಅಲ್ಲೊಂದು ರೈಲ್ವೆ ಗೇಟು. ಹಾಕಿತ್ತು. ಹಳಿಯತ್ತ ಏರುವ ರಸ್ತೆ, ಎಡಕ್ಕೆ ವಾಲಿತ್ತು, ಅಂಚು ಕಿತ್ತುಹೋಗಿ ಜಲ್ಲಿ ಎದ್ದಿತ್ತು. ಮುಂದೊಂದು ಲಾರಿ ನಿಂತಿತ್ತು. ಅವನು ನಿಲ್ಲಿಸಿ ಎಡಗಾಲು ಕೆಳಗಿಟ್ಟ.

ನೆಲ ಸಿಗಲಿಲ್ಲ.

ಬೆರಳ ತುದಿ ಮಾತ್ರ ಜಲ್ಲಿಗೆ ತಾಗಿ ಜಾರಿತು. ಎರಡೂವರೆ ಕ್ವಿಂಟಾಲ್ ಗಾಡಿ, ತುಂಬಿದ ಪೆಟ್ಟಿಗೆಗಳು, ಹಿಂದೆ ಅವಳು. ಗೋಡೆ ಒರಗಿದ ಹಾಗೆ ನಿಧಾನಕ್ಕೆ ಒರಗಿತು. "ಇರು, ಇರು, ಇರು" ಅಂತ ಅವನು ಗಾಡಿಗೆ ಹೇಳುತ್ತಿದ್ದ. ಅವಳು ಪಕ್ಕಕ್ಕೆ ಉರುಳಿದಳು, ಮೊಣಕೈ ತರಚಿತು, ಅಷ್ಟೆ. ಅವನ ತೊಡೆ ಇಂಜಿನ್ನಿಗೂ ರಸ್ತೆಯಂಚಿನ ಕಲ್ಲಿಗೂ ನಡುವೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ರೈಲು ಬಂತು. ಅದು ಹೋಗಿ ಮುಗಿಯುವವರೆಗೆ ಅವಳು ಕೂಗಿದ್ದು ಲಾರಿಯವನಿಗೆ ಕೇಳಿಸಲಿಲ್ಲ.

ತೊಡೆಮೂಳೆ ಮುರಿದಿತ್ತು. ಎರಡನೆಯ ದಿನ ಆಪರೇಷನ್ ಮಾಡಿ ಒಳಗೆ ಕಂಬಿ ಹಾಕಿದರು. ನೋಡಲು ಬಂದವರಿಗೆಲ್ಲ ಅವನು ಹಾಸಿಗೆಯಲ್ಲೇ ನಗೆಹಬ್ಬ. "ಊರಿನ ಲಿಫ್ಟೆಲ್ಲ ಎತ್ತಿದವನಿಗೆ ಒಂದು ಗಾಡಿ ಎತ್ತೋಕೆ ಆಗಲಿಲ್ಲ ನೋಡಿ." ಹೇಗಾಯಿತು ಅಂದರೆ, "ಜಲ್ಲಿ ಜಾರಿತು" ಅನ್ನುತ್ತಿದ್ದ. ಸೀಟಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

ಸೀಟಕ್ಕನಿಗೆ ಮಾತ್ರ ಗಾಡಿ ಒರಗುತ್ತಿದ್ದ ಗಳಿಗೆಯಲ್ಲೇ ಗೊತ್ತಾಗಿತ್ತು. ಅವನ ಭುಜದ ಮೇಲಿಂದ ಇಣುಕಿ ಅವಳು ಆ ಪಾದವನ್ನು ನೋಡಿದ್ದಳು. ನೆಲಕ್ಕೂ ಹಿಮ್ಮಡಿಗೂ ನಡುವಿನ ಜಾಗವನ್ನು ನೋಡಿದ್ದಳು. ಟೇಪು ಹಿಡಿಯದೆಯೇ ಅಳತೆ ಹೇಳಬಲ್ಲ ಕಣ್ಣು ಅವಳದು.

ಮೂರನೆಯ ದಿನ ಬೆಳಗ್ಗೆ, ಬೈಕನ್ನು ಗೇಟಿನ ಹತ್ತಿರದಿಂದ ಚಿಕ್ಕ ಲಾರಿಯಲ್ಲಿ ತಂದು ನಿಮ್ಮ ಅಂಗಡಿಯೊಳಗೆ ಇಳಿಸಿದ್ದೇನೆ ಅಂತ ಮೆಕ್ಯಾನಿಕ್ ಹೇಳಿಕಳಿಸಿದ. ಅವನು ಗಂಡನ ಗೆಳೆಯ, ಆ ಗಾಡಿಯ ನರನಾಡಿಯೆಲ್ಲ ಬಲ್ಲವನು. ಸೀಟಕ್ಕ ಎದ್ದಳು. "ಬಟ್ಟೆ ತರ್ತೀನಿ" ಅಂತ ಗಂಡನಿಗೆ ಹೇಳಿ, ನಾದಿನಿಯನ್ನು ಹಾಸಿಗೆಯ ಪಕ್ಕ ಕೂರಿಸಿ ಹೊರಟಳು. ಮನೆಗೆ ಹೋಗಲಿಲ್ಲ. ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ಸೀಟು ಬಿಚ್ಚಿದಳು. ರೆಕ್ಸಿನ್ ಸುಲಿದು, ಉದ್ದ ಅಲಗಿನಿಂದ ಆ ಒಂದೂವರೆ ಇಂಚನ್ನು ಕುಯ್ದು ತೆಗೆದಳು. ಗಾಬರಿಯಲ್ಲಿ ಅಲಗು ಒಂದು ಬೆರಳು ಹೆಚ್ಚೇ ಒಳಗಿಳಿಯಿತು, ಹೆಬ್ಬೆರಳೂ ಕುಯ್ದುಹೋಯಿತು. ಸುಲಿದ ರೆಕ್ಸಿನನ್ನೇ ಮತ್ತೆ ಎಳೆದು ಹೊಲಿದಳು. ಕುಯ್ದ ಚೂರನ್ನು ಎಸೆಯಲು ಕೈ ಬರಲಿಲ್ಲ. ಎದುರಿಗಿಟ್ಟರೆ ಯಾರಾದರೂ ಕೇಳಿಯಾರು. ತಾನು ಕೂತು ಹೊಲಿಯುವ ಸ್ಟೂಲಿನ ಮೆತ್ತೆಯನ್ನು ಬಿಚ್ಚಿ ಅದರೊಳಗೆ ತುರುಕಿದಳು.

ಮೂರು ಗಂಟೆ ಹಿಡಿಯಿತು. ಆಸ್ಪತ್ರೆಗೆ ಮರಳಿದಾಗ ಅವನಿಗೆ ನಿದ್ದೆ ಹತ್ತಿತ್ತು.

"ಇಷ್ಟು ಹೊತ್ತಾ ಅತ್ತಿಗೆ?" ಅಂದಳು ನಾದಿನಿ. "ಅಣ್ಣ ಮೂರು ಸಲ ಕೇಳಿದ, ಎಲ್ಲಿ ಅವಳು ಅಂತ."

ಬಟ್ಟೆ ತಂದಿರಲಿಲ್ಲ. ಅದನ್ನು ನಾದಿನಿ ಗಮನಿಸಲಿಲ್ಲ.

ಆರನೆಯ ದಿನ ಬೆಳಗ್ಗೆ ಅವಳು ಕಿತ್ತಳೆ ಸುಲಿಯುತ್ತಿದ್ದಾಗ ಅವನಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಯಿತು, ಇಂಥ ಮೂಳೆ ಮುರಿದವರಿಗೆ ಒಮ್ಮೊಮ್ಮೆ ಹೀಗಾಗುತ್ತದೆ ಅಂತ ಡಾಕ್ಟರು ಹೇಳಿದರು. ನಿಂತ ಗಾಡಿಯಿಂದ ಬಿದ್ದು ಯಾರಾದರೂ ಸಾಯುತ್ತಾರಾ, ಹಣೆಬರಹ ಅಂತ ಬಂದವರು ಹೇಳಿದರು. ಒಂದೂವರೆ ಇಂಚಿನ ತಪ್ಪನ್ನಾದರೂ ಸೀಟಕ್ಕ ಹೇಗೋ ಹೊರಬಹುದಿತ್ತು. ಆದರೆ ಅವನಿಗೆ ಉಳಿದಿದ್ದದ್ದು ಆರು ದಿನ, ಅದರಲ್ಲಿ ಮೂರು ಗಂಟೆಯನ್ನು ಅವಳು ತನ್ನ ತಪ್ಪು ಮುಚ್ಚುವುದಕ್ಕೆ ಕಳೆದಿದ್ದಳು. ಅವನು ಮೂರು ಸಲ ಕೇಳಿದ್ದ.

ನಾದಿನಿ ಮದುವೆಯಾಗದ ಹೆಂಗಸು, ಅದೇ ಮನೆಯ ಮಹಡಿಯಲ್ಲಿ ಇರುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಷ್ಟನೇ ಅಂಕಣದಲ್ಲಿ ಅಂತ ಹೇಳುವ ಕೆಲಸ. ಇಡೀ ಊರಿಗೆ ಅವಳ ದನಿ ಗೊತ್ತು, ಮುಖ ಹತ್ತು ಜನಕ್ಕೆ ಗೊತ್ತಿದ್ದರೆ ಹೆಚ್ಚು. ಎರಡು ತಿಂಗಳು ಕಳೆದ ಮೇಲೆ ಅವಳೊಬ್ಬ ಗಿರಾಕಿಯನ್ನು ಅಂಗಡಿಗೆ ಕರೆತಂದಳು.

"ಅಣ್ಣನ್ನ ನುಂಗಿದ ಗಾಡಿ ಇದು. ಕಣ್ಣೆದುರು ಇರೋದು ಬೇಡ, ಕೊಟ್ಟುಬಿಡಿ ಅತ್ತಿಗೆ."

ಗಿರಾಕಿ ಗಾಡಿಯ ಸುತ್ತ ಒಂದು ಸುತ್ತು ಬಂದು ಸೀಟಿನ ಮೇಲೆ ಕೈಯಿಟ್ಟು ಒತ್ತಿದ. "ಇದನ್ನ ಮಾತ್ರ ಬಿಚ್ಚಿಸಿ ಬೇರೆ ಹೊಲಿಸಬೇಕು" ಅಂದ. ಬೇರೆ ಸೀಟಿನವನು ಬಿಚ್ಚಿದರೆ ಸಾಕು, ಒಮ್ಮೆ ಅಂಟಿಸಿ ಒಮ್ಮೆ ಕುಯ್ದ ಗುರುತು ಹಲ್ಲು ಕಿರಿದುಕೊಂಡು ಕಾಣುತ್ತದೆ.

"ಮಾರಲ್ಲ" ಅಂದಳು.

"ಮತ್ತೆ ಇಟ್ಕೊಂಡು ಏನ್ ಮಾಡ್ತೀರಿ?"

"ಓಡಿಸ್ತೀನಿ."

ಅದು ಬಾಯಿಗೆ ಬಂದ ಮಾತು, ಅಷ್ಟೆ. ಅವಳು ಅಲ್ಲಿಯವರೆಗೆ ಸೈಕಲ್ಲು ಬಿಟ್ಟು ಬೇರೇನನ್ನೂ ಓಡಿಸಿದವಳಲ್ಲ. ನಾದಿನಿ ಬಾಯಿ ತೆರೆದವಳು ಮುಚ್ಚಲಿಲ್ಲ. ಆದರೆ ಆಡಿದ ಮಾತಿಗೆ ಅವಳೇ ಕಟ್ಟುಬಿದ್ದಳು. ಭಾನುವಾರ ಭಾನುವಾರ ಗೋದಾಮಿನ ಹಿಂದಿನ ಬಯಲಿನಲ್ಲಿ ಮೆಕ್ಯಾನಿಕ್ ಕಲಿಸಿದ. ಮೊದಲ ದಿನ ಕೂತು ಸ್ಟ್ಯಾಂಡ್ ತೆಗೆದಾಗ ಎರಡೂ ಹಿಮ್ಮಡಿ ನೆಲಕ್ಕೆ ಒತ್ತಿ ನಿಂತವು. ಅವಳು ಗಂಡನಿಗಿಂತ ಗಿಡ್ಡ. ಗಾಬರಿಯಲ್ಲಿ ಹೆಚ್ಚು ಕುಯ್ದುಹೋದದ್ದರಿಂದಲೇ ಆ ಗಾಡಿ ಅವಳ ಅಳತೆಗೆ ಬಂದಿತ್ತು. ಅವಳು ಸ್ಟ್ಯಾಂಡ್ ಹಾಕಿ ಇಳಿದು, ಗೋಡೆಯ ಹತ್ತಿರ ಹೋಗಿ ನಿಂತಳು. ಮೆಕ್ಯಾನಿಕ್ ಬಿಸಿಲಿಗೆ ಅಂದುಕೊಂಡು ನೀರು ತಂದುಕೊಟ್ಟ.

ಎಂಟು ತಿಂಗಳಲ್ಲಿ ಕಲಿತಳು. ಕಲಿತ ಮೇಲೆ ಗಾಡಿಯ ದುರಸ್ತಿಗೆ ಬಿದ್ದಳು. ಮೊದಲು ಮಾಡಿಸಿದ್ದು ಇಂಜಿನ್ನಿನ ಎರಡೂ ಬದಿಗೆ ದಪ್ಪ ಕೊಳವೆಯ ಗಾರ್ಡು. ಗಾಡಿ ಬಿದ್ದರೂ ಕಾಲಿಗೆ ಜಾಗ ಉಳಿಯಬೇಕು. ಮೆಕ್ಯಾನಿಕ್ ವೆಲ್ಡಿಂಗ್ ಮಾಡಿಸಿ ತಂದು ಕೂರಿಸಿ, "ಇನ್ನೇನೂ ಭಯ ಇಲ್ಲ ಅಕ್ಕ" ಅಂದ. ಅವಳು ನಂಬಲಿಲ್ಲ. "ಬೀಳಿಸಿ ನೋಡೋಣ" ಅಂದಳು. ನೆಲಕ್ಕೆ ಚೀಲಗಳನ್ನು ಹಾಸಿ ಇಬ್ಬರೂ ಹಿಡಿದು ಗಾಡಿಯನ್ನು ಎಡಕ್ಕೆ ಮಲಗಿಸಿದರು. ಅವಳು ಚೀಲದ ಮೇಲೆ ಅಡ್ಡಾಗಿ, ಎಡಗಾಲನ್ನು ಇಂಜಿನ್ನಿನ ಕೆಳಗೆ ತೂರಿಸಿ, ತೊಡೆಗೂ ಲೋಹಕ್ಕೂ ನಡುವೆ ಎಷ್ಟು ಜಾಗ ಉಳಿದಿದೆ ಅಂತ ಬೆರಳಿಟ್ಟು ನೋಡಿದಳು. ನಾಲ್ಕು ಬೆರಳು. ತುಂಬ ಹೊತ್ತು ಹಾಗೇ ಮಲಗಿದ್ದಳು. ಮೆಕ್ಯಾನಿಕ್ ಮುಖ ತಿರುಗಿಸಿಕೊಂಡು ನಿಂತಿದ್ದ.

ಆಮೇಲಿನ ವರ್ಷಗಳಲ್ಲಿ ಗಾಡಿ ಒಂದೊಂದಾಗಿ ಹಳೇ ಅಂಗ ಕಳಚಿ ಹೊಸದು ತೊಟ್ಟಿತು. ಮುಂದಿನ ಡ್ರಮ್ಮು ಹೋಗಿ ಡಿಸ್ಕ್ ಬ್ರೇಕ್ ಬಂತು. ಕಿಡಿ ಹೊತ್ತಿಸುವ ಹಳೇ ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ ದಿನ ಗಾಡಿ ಮೊದಲ ಒತ್ತಿಗೇ ಎದ್ದು ನಿಂತದ್ದು ನೋಡಿ ಮೆಕ್ಯಾನಿಕ್ಕಿಗೆ ಮಗ ಪಾಸಾದಷ್ಟು ಖುಷಿ. ಒಣಗಿ ಬಿರಿದ ವೈರುಗಳನ್ನೆಲ್ಲ ತೆಗೆದು, ಅಂಗಡಿಯ ನೆಲದ ಮೇಲೆ ಹಾಸಿ, ಅದೇ ಅಳತೆಗೆ ಹೊಸ ವೈರು ಹೆಣೆದರು. ಹೊಸ ಹೆಡ್‌ಲೈಟು ಹಾಕಿದರು. ಸಿಗದ ಸಾಮಾನನ್ನು ಮೆಕ್ಯಾನಿಕ್ ಗುಜರಿಯಲ್ಲಿ ಹುಡುಕಿ, ಇಲ್ಲದಿದ್ದರೆ ಲೇತಿನಲ್ಲಿ ಕಡೆಸಿ ತರುತ್ತಿದ್ದ. ಸೀಟನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಊರಿಗೆಲ್ಲ ಸೀಟು ಹೊಲಿಯುವವಳ ಗಾಡಿಯ ಸೀಟು ಅಂಚಿನಲ್ಲಿ ಹರಿದು ಟೇಪು ಸುತ್ತಿಕೊಂಡಿತ್ತು. "ವೈದ್ಯರ ಮನೆಯಲ್ಲೇ ಜ್ವರ" ಅಂತ ಟೈರಿನವನು ರೇಗಿಸಿದ. ಅವಳು ನಗಲಿಲ್ಲ. ಅವನು ಮತ್ತೆ ಆ ಮಾತೆತ್ತಲಿಲ್ಲ.

ಗಂಡನ ಜೊತೆ ಹೋದ ದಾರಿಗಳಿಗೆಲ್ಲ ಅವಳು ಒಬ್ಬಳೇ ಹೋಗಿಬಂದಳು. ಉತ್ತರದ ರಸ್ತೆಗೆ ಹೋಗಲಿಲ್ಲ.

ಒಬ್ಬಳೇ ಅನ್ನುವುದು ನೋಡುವವರ ಮಾತು. ಮೊದಲ ಸಲ ಊರು ದಾಟಿದ ದಿನವೇ ಅವಳಿಗೆ ಗೊತ್ತಾಗಿತ್ತು. ಕೂತು, ಹೆಲ್ಮೆಟ್ ಬಿಗಿದು, ಗೇರಿಗೆ ಹಾಕಬೇಕು ಅನ್ನುವಷ್ಟರಲ್ಲಿ ಗಾಡಿಯ ಹಿಂಬದಿ ಮೆಲ್ಲಗೆ ಕುಸಿಯಿತು. ಯಾರಾದರೂ ಹಿಂದೆ ಕಾಲೆತ್ತಿ ಹಾಕಿ ಕೂತರೆ ಹೇಗೆ ಕುಸಿಯುತ್ತದೋ ಹಾಗೆ. ಅವಳು ತಿರುಗಿ ನೋಡಲಿಲ್ಲ. ಭುಜದ ಮೇಲೆ ಎರಡು ತಟ್ಟು ಬೀಳುತ್ತದೆಂದು ಕಾದಳು. ಬೀಳಲಿಲ್ಲ. ಕ್ಲಚ್ ಹಿಡಿದ ಎಡಗೈ ಸೋಲುವವರೆಗೆ ಕಾದು, ಕೊನೆಗೆ ತಾನೇ ಹೊರಟಳು. ಅಲ್ಲಿಂದ ಪ್ರತಿ ಸಲವೂ ಅದೇ. ಬಂದು ಕೂರುತ್ತಾನೆ. ಹೊರಡು ಅನ್ನುವುದಿಲ್ಲ.

ಭೂತ ಪ್ರೇತ ಅಂತ ಬಾಯಿ ಬಿಡುವ ಪೈಕಿಯವಳಲ್ಲ ಅವಳು. ಹಿಂದುಗಡೆ ಕುಸಿಯುತ್ತಿದೆ ಅಂತ ಮೆಕ್ಯಾನಿಕ್ಕಿಗೆ ಹೇಳಿದಳು. ಸ್ಪ್ರಿಂಗು ಸೋತಿದೆ ಅಂದ, ಬದಲಾಯಿಸಿದ. ಕುಸಿಯಿತು. ಹಿಂದಿನ ಎರಡೂ ಶಾಕ್ ಅಬ್ಸಾರ್ಬರು ಹೊಸದು ತಂದ. ಅಂಗಡಿಯಲ್ಲಿ ಅವಳನ್ನು ಕೂರಿಸಿ ಸ್ಕೇಲಿಟ್ಟು ನೋಡಿದರೆ ಇಳಿಯಬೇಕಾದಷ್ಟೇ ಇಳಿಯುತ್ತಿತ್ತು. ಒಂದು ಸುತ್ತು ಹೋಗಿಬಂದು ಅವಳು ಕೂತಿದ್ದಂತೆಯೇ ನೋಡಿದರೆ ಎರಡು ಬೆರಳು ಹೆಚ್ಚು.

"ಎಣ್ಣೆ ಬಿಸಿಯಾಗಿ ತೆಳ್ಳಗಾಗಿರುತ್ತೆ ಅಕ್ಕ."

"ಭಾರ ಹೊರೋದು ಸ್ಪ್ರಿಂಗು. ಎಣ್ಣೆ ಎಲ್ಲಿ ಭಾರ ಹೊರುತ್ತೆ?" ಅಂದಳು. ಅಷ್ಟು ವರ್ಷದಲ್ಲಿ ಅವಳಿಗೂ ಅಷ್ಟು ಗೊತ್ತಾಗಿತ್ತು. ಮೆಕ್ಯಾನಿಕ್ ಕೈ ಒರೆಸಿಕೊಂಡ.

ಏಳನೆಯ ವರ್ಷ, ಒಂದು ಮಧ್ಯಾಹ್ನ, ಅವನು ಮೂರನೆಯ ಜೊತೆ ಶಾಕ್ ಕೂರಿಸಿ ಮುಗಿಸಿದ. ಅವಳು ನಿಲ್ದಾಣದ ಸುತ್ತ ಎರಡು ಸುತ್ತು ಹೊಡೆದು ಬಂದು ಅಂಗಡಿಯ ಮುಂದೆ ನಿಲ್ಲಿಸಿದಳು. ಅವನು ಬಗ್ಗಿ ಸ್ಕೇಲಿಟ್ಟ. ಇನ್ನೊಮ್ಮೆ ಇಟ್ಟ. ಆಮೇಲೆ ಸ್ಕೇಲನ್ನು ಮೂಲೆಗೆ ಎಸೆದ.

"ನನ್ನ ಕೈಲಿ ಆಗಲ್ಲ ಅಕ್ಕ."

"ಇಬ್ಬರ ಭಾರ ಇದೆ ಅದರ ಮೇಲೆ. ನಿಮ್ಮ ತಪ್ಪಲ್ಲ" ಅಂದಳು ಸೀಟಕ್ಕ. ಇಳಿದು ಒಳಗೆ ಬಂದು, ಸ್ಟೂಲಿನ ಮೇಲೆ ಕೂತು, ಹೊಲಿಗೆ ಯಂತ್ರದ ಚಕ್ರ ಹಿಡಿದುಕೊಂಡು ಹೇಳಿದಳು. ಸೀಟು ಎತ್ತರ ಮಾಡಿದ್ದು, ಅಳತೆ ನೋಡದೇ ಹೋದದ್ದು, ಪಾದ ನೋಡಿದ್ದು, ಮೂರನೆಯ ದಿನ ಬಂದು ಕುಯ್ದದ್ದು. ಏಳು ವರ್ಷದ್ದು ಹೇಳಲು ಐದು ನಿಮಿಷವೂ ಬೇಕಾಗಲಿಲ್ಲ.

ಮೆಕ್ಯಾನಿಕ್ ಟ್ಯಾಂಕಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

"ಗೊತ್ತು ಅಕ್ಕ."

"ಏನು ಗೊತ್ತು?"

"ನಾಲ್ಕನೇ ದಿನ ನಾನು ಆಸ್ಪತ್ರೆಗೆ ಹೋಗಿದ್ದೆ. ನೀವು ಔಷಧಿ ತರೋಕೆ ಕೆಳಗೆ ಹೋಗಿದ್ರಿ. ಆಗ ಹೇಳಿದ್ರು. 'ಸೀಟು ಎತ್ತರ ಆಗಿತ್ತು ಕಣೋ, ಕಾಲು ಸಿಗಲಿಲ್ಲ. ಅವಳಿಗೆ ಗೊತ್ತಾದರೆ ಬದುಕಿರೋವರೆಗೂ ಕೊರಗ್ತಾಳೆ. ನಾನು ಮನೆಗೆ ಬರೋದರೊಳಗೆ ಸದ್ದಿಲ್ಲದೆ ಬಿಚ್ಚಿ ಸ್ವಲ್ಪ ಇಳಿಸಿಬಿಡು, ಅವಳಿಗೆ ಗೊತ್ತಾಗಬಾರದು' ಅಂತ." ಅವನು ನೆಲ ನೋಡುತ್ತ ಮುಂದುವರಿಸಿದ. "ಗಾಡಿ ಇಳಿಸೋವಾಗ ನೀವು ಕೊಟ್ಟಿದ್ದ ಅಂಗಡಿಯ ಇನ್ನೊಂದು ಬೀಗದಕೈ ನನ್ನ ಹತ್ತಿರಾನೇ ಇತ್ತಲ್ಲ. ಅವತ್ತೇ ಬಂದೆ. ಬಿಚ್ಚಿ ನೋಡಿದರೆ ಆಗಲೇ ಕುಯ್ದಿತ್ತು. ರೆಕ್ಸಿನ್ ಒಳಗಡೆ ರಕ್ತದ ಕಲೆ ಇನ್ನೂ ಕೆಂಪಗಿತ್ತು."

ಸೀಟಕ್ಕ ಚಕ್ರದಿಂದ ಕೈ ತೆಗೆದಳು. "ಅವರಿಗೆ ಹೇಳಿದ್ರಾ?"

"ಮರುದಿನ ಹೋಗಿ ಹೇಳಿದೆ. ಹೇಳಬಾರದಿತ್ತೇನೋ. 'ಆಗಲೇ ಇಳಿಸಿದ್ದಾರೆ' ಅಂದೆ."

"ಏನಂದ್ರು?"

"'ಹಾಗಾದ್ರೆ ಮೊನ್ನೆ ಬಟ್ಟೆ ತರ್ತೀನಿ ಅಂತ ಹೋಗಿದ್ದು... ಸರಿ ಬಿಡು' ಅಂದ್ರು. ಅಷ್ಟೇ ಅಕ್ಕ."

ಐದನೆಯ ದಿನದ ಸಂಜೆ ಅವಳಿಗೆ ಆಗ ನೆನಪಾಯಿತು. ಅವಳು ತುಟಿಗೆ ನೀರು ಹಿಡಿದಾಗ ಅವನು ಲೋಟ ಬಿಟ್ಟು ಅವಳ ಹೆಬ್ಬೆರಳನ್ನು ಹಿಡಿದಿದ್ದ. ಬಟ್ಟೆ ಸುತ್ತಿದ ಹೆಬ್ಬೆರಳು. ಇದೇನಾಯಿತು ಅಂತ ಕೇಳಲಿಲ್ಲ. ಎಲ್ಲದಕ್ಕೂ ಏನಾದರೊಂದು ತಮಾಷೆ ಮಾಡುತ್ತಿದ್ದವನು ಅದಕ್ಕೆ ಮಾತ್ರ ಮಾಡಲಿಲ್ಲ. ನಿದ್ದೆ ಬರುವವರೆಗೆ ಹಿಡಿದುಕೊಂಡೇ ಇದ್ದ. ಅವಳೂ ಬಾಯಿ ಬಿಡಲಿಲ್ಲ. ಎಲ್ಲಿ ಕೇಳಿಬಿಡುತ್ತಾನೋ ಅಂತ ಅವಳು ಹೆದರಿ ಕೂತಿದ್ದಳು. ಅವನು ಎಲ್ಲಿ ಇವಳು ಹೇಳಿಬಿಡುತ್ತಾಳೋ ಅಂತ ಹೆದರಿದ್ದನೋ, ಹೇಳಲಿ ಅಂತ ಕಾಯುತ್ತಿದ್ದನೋ, ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಮರುದಿನ ಬೆಳಗ್ಗೆ ಎಲ್ಲ ಮುಗಿದಿತ್ತು.

ಮೆಕ್ಯಾನಿಕ್ ಹೋದ ಮೇಲೆ ಅವಳು ಹಾಗೇ ಕೂತಿದ್ದಳು. ಹೇಳಿಕೊಂಡರೆ ಹಗುರಾಗುತ್ತದೆ ಅನ್ನುತ್ತಾರೆ. ಅವಳಿಗೆ ಹಾಗೇನೂ ಆಗಲಿಲ್ಲ. ಏಳು ವರ್ಷ ಅವಳು ಒಂದು ಮುಖ ಕಣ್ಣೆದುರು ಇಟ್ಟುಕೊಂಡಿದ್ದಳು, ಏನೂ ಗೊತ್ತಿಲ್ಲದೆ ನಗುನಗುತ್ತ ಹೋದವನ ಮುಖ. ಈಗ ಆ ಮುಖವೂ ಕೈಬಿಟ್ಟಿತು.

ಅದಾದ ವಾರಕ್ಕೆ ನಾದಿನಿ ಕೆಲಸ ಮುಗಿಸಿ, ಮನೆಗೆ ಹೋಗುವ ಮುಂಚೆ ಎಂದಿನಂತೆ ಅಂಗಡಿಗೆ ಬಂದಳು. ಬೈಕಿನಿಂದ ಎರಡು ಮಾರು ದೂರದಲ್ಲೇ ದಾಟಿ, ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು. ಸೀಟಕ್ಕ ನೆಲದ ಮೇಲೆ ಕೂತು ಬಸ್ಸಿನ ಸೀಟಿಗೆ ಫೋಮ್ ಕತ್ತರಿಸುತ್ತಿದ್ದಳು.

"ಈ ಹಾಳು ಗಾಡಿಗೆ ಇನ್ನೂ ಏನೇನು ಹಾಕಿಸ್ತೀರಿ ಅತ್ತಿಗೆ? ಅಣ್ಣನ್ನ ಬೀಳಿಸಿದ್ದಕ್ಕೆ ಬಹುಮಾನವಾ?"

"ಬೀಳಿಸಿದ್ದು ಅದಲ್ಲ" ಅಂದಳು ಸೀಟಕ್ಕ. "ನಾನು."

ಎಲ್ಲವನ್ನೂ ಹೇಳಿದಳು. ಮೂರು ಗಂಟೆ ಎಲ್ಲಿಗೆ ಹೋಗಿದ್ದೆ ಅನ್ನುವುದನ್ನೂ ಹೇಳಿದಳು. ಕೊನೆಗೆ ನಾದಿನಿ ಒಂದೇ ಮಾತು ಕೇಳಿದಳು.

"ಕುಯ್ದ ಚೂರು ಏನ್ ಮಾಡಿದ್ರಿ?"

"ನೀನು ಕೂತಿರೋದು ಅದರ ಮೇಲೇ."

ನಾದಿನಿ ಕೆಂಡ ತಾಗಿದಂತೆ ಎದ್ದಳು. ಸ್ಟೂಲನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. ಚೀಲ ಎತ್ತಿಕೊಂಡು ಹೊರಟುಹೋದಳು.

ನಾಲ್ಕು ತಿಂಗಳು ಮಾತಿಲ್ಲ. ಒಂದೇ ಮನೆ, ಒಂದೇ ಮೆಟ್ಟಿಲು. ಎದುರಾದರೆ ಒಬ್ಬರು ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು. ಆದರೆ ದನಿಯಿಂದ ತಪ್ಪಿಸಿಕೊಳ್ಳುವುದೆಲ್ಲಿ? ಅಂಗಡಿಯಲ್ಲಿ ಕೂತರೆ ಬೆಳಗ್ಗೆ ಎಂಟರಿಂದ ಅದೇ ದನಿ. ಎರಡನೇ ಅಂಕಣದಿಂದ ಹೊರಡುವ ಬಸ್ಸು, ಏಳನೇ ಅಂಕಣಕ್ಕೆ ಬರಬೇಕಾದ ಬಸ್ಸು, ತಡವಾಗಿ ಬರುತ್ತಿರುವ ಬಸ್ಸು, ಪ್ರಯಾಣಿಕರು ಗಮನಿಸಬೇಕು. ಊರಿಗೆಲ್ಲ ಹೇಳುವವಳು ತನಗೊಂದು ಮಾತು ಹೇಳುವುದಿಲ್ಲ. ಸೀಟಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಕೇಳುತ್ತಿದ್ದಳು. ಕೆಲವು ಊರಿನ ಹೆಸರು ಹೇಳುವಾಗ ಆ ದನಿ ಒಂದು ಕ್ಷಣ ತಡೆದು ಮುಂದೆ ಹೋಗುತ್ತಿತ್ತು. ಉತ್ತರದ ರಸ್ತೆಯ ಊರುಗಳು. ಏಳು ವರ್ಷ ಪಕ್ಕದಲ್ಲೇ ಕೂತಿದ್ದರೂ ಅವಳು ಅದನ್ನು ಗಮನಿಸಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ, ರಜೆಯ ದಿನ ಬೆಳಗ್ಗೆ, ನಾದಿನಿ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಹೊಸ ಹೆಲ್ಮೆಟ್ಟು, ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ.

"ಆ ಗೇಟು ಎಲ್ಲಿದೆ ತೋರಿಸಿ."

ಸೀಟಕ್ಕ ಬೀಗದಕೈ ತೆಗೆದುಕೊಂಡಳು. ಅಂಗಡಿಯಿಂದ ಗಾಡಿ ಹೊರಗೆ ತಂದು ಕೂತಾಗ ಹಿಂಬದಿ ಎಂದಿನಂತೆ ಕುಸಿಯಿತು. ನಾದಿನಿ ಇನ್ನೂ ನೆಲದ ಮೇಲೇ ನಿಂತಿದ್ದಳು. ಅವಳೂ ನೋಡಿದಳು.

"ಇದೇನಾ ಮೆಕ್ಯಾನಿಕ್ ಹೇಳ್ತಿದ್ದದ್ದು?"

"ಇದೇ."

ನಾದಿನಿ ಸೀಟಿನ ಹಿಂಭಾಗವನ್ನು ದಿಟ್ಟಿಸಿದಳು. "ನಾನು ಕೂತರೆ ಅಣ್ಣ ಎಲ್ಲಿ ಕೂರ್ತಾನೆ?"

ತಮಾಷೆಗೆ ಕೇಳಿದಳೋ ನಿಜಕ್ಕೋ ಅವಳ ಮುಖದಲ್ಲಿ ತಿಳಿಯಲಿಲ್ಲ. "ಸ್ವಲ್ಪ ಮುಂದಕ್ಕೆ ಸರಿದು ಕೂತ್ಕೋ" ಅಂದಳು ಸೀಟಕ್ಕ. ನಾದಿನಿ ಹತ್ತಿ, ಅತ್ತಿಗೆಯ ಬೆನ್ನಿಗೆ ಒತ್ತಿಕೊಂಡು, ತನ್ನ ಹಿಂದೆ ಒಂದು ಗೇಣು ಜಾಗ ಬಿಟ್ಟು ಕೂತಳು. ಸೀಟಕ್ಕ ಅಭ್ಯಾಸದಂತೆ ಕಾದಳು.

"ಯಾಕೆ, ಹೊರಡಲ್ವಾ?" ಅಂದಳು ನಾದಿನಿ.

ಹೊರಟರು. ಐವತ್ತೈದು ಕಿಲೋಮೀಟರ್ ದಾಟಿತು, ಅರವತ್ತು ದಾಟಿತು. ಅರವತ್ತೆರಡಕ್ಕೆ ಗೇಟಿಲ್ಲ. ರಸ್ತೆ ಏರುವ ಬದಲು ಇಳಿಯಿತು. ಹಳಿಯ ಕೆಳಗೆ ಸುರಂಗದಂತೆ ಕಾಂಕ್ರೀಟಿನ ದಾರಿ ಮಾಡಿದ್ದರು, ಎರಡೂ ಬದಿಗೆ ಗೋಡೆ, ಗೋಡೆಗೆ ಹಳದಿ ಬಣ್ಣದಲ್ಲಿ ಎತ್ತರದ ಗುರುತು. ಆಚೆ ಬಂದು ನಿಲ್ಲಿಸಿದರು. ಅಲ್ಲಿ ಗುಡಿಸುತ್ತಿದ್ದ ಹೆಂಗಸನ್ನು ಕೇಳಿದರೆ, "ಗೇಟಾ? ಅದನ್ನ ತೆಗೆದು ಮೂರು ವರ್ಷ ಆಯ್ತಲ್ಲಮ್ಮ. ಏರೆಲ್ಲ ಅಗೆದು ಹಾಕಿದ್ರು" ಅಂದಳು.

ನಾದಿನಿ ಇಳಿದು ಹಳಿಯ ಬದಿಯಲ್ಲಿ ಅತ್ತಿಂದಿತ್ತ ನಡೆದಳು. "ಎಲ್ಲಿ ಅತ್ತಿಗೆ? ಇಲ್ಲಾ?"

"ಅಲ್ಲಿ. ಆ ಕಂಬದ ಹತ್ತಿರ." ಸೀಟಕ್ಕ ಕೈ ತೋರಿಸಿದಳು, ಮತ್ತೆ ಇಳಿಸಿದಳು. "ಇಲ್ಲ, ಈ ಕಡೆ ಇರಬೇಕು. ಲಾರಿ ಇಲ್ಲಿತ್ತು ಅಂದರೆ... ಗೊತ್ತಾಗ್ತಿಲ್ಲ ಕಣೇ."

ಪ್ರತಿದಿನ ಕಣ್ಣು ಮುಚ್ಚಿದರೆ ಕಲ್ಲು ಕಲ್ಲಾಗಿ ಕಾಣುತ್ತಿದ್ದ ಜಾಗ. ಅದು ಈಗ ಗಾಳಿಯಲ್ಲೆಲ್ಲೋ ಇತ್ತು. ಆ ರಸ್ತೆಯಿದ್ದ ಎತ್ತರದಲ್ಲಿ ಈಗ ಬರೀ ಖಾಲಿ. ನಾದಿನಿ ಗೋಡೆಯ ಪಕ್ಕ ಕುಕ್ಕರಿಸಿ ಕೂತು ಅತ್ತಳು. ಸೀಟಕ್ಕ ಹತ್ತಿರ ಹೋಗಿ ನಿಂತಳು. ಮುಟ್ಟಬಹುದೋ ಬೇಡವೋ ತಿಳಿಯದೆ ಸುಮ್ಮನೆ ನಿಂತಳು. ಮೇಲೆ ಒಂದು ರೈಲು ಹೋಯಿತು, ಗೋಡೆಯೆಲ್ಲ ನಡುಗಿತು.

"ನಿಮ್ಮನ್ನ ಕ್ಷಮಿಸಿದೀನಿ ಅಂತ ಅಂದುಕೋಬೇಡಿ" ಅಂದಳು ನಾದಿನಿ ಮೂಗು ಒರೆಸಿಕೊಳ್ಳುತ್ತ.

"ಇಲ್ಲ."

"ಅವನು ಕೇಳಿದಾಗ ನೀವು ಇರಲಿಲ್ಲ."

"ಇರಲಿಲ್ಲ."

"ಈ ರಸ್ತೆ ಮುಂದೆ ಎಲ್ಲಿಗೆ ಹೋಗುತ್ತೆ? ದಿನಾ ಮೈಕಲ್ಲಿ ಹೇಳ್ತೀನಿ, ಒಂದೂರೂ ನೋಡಿಲ್ಲ."

"ನಾನೂ ನೋಡಿಲ್ಲ" ಅಂದಳು ಸೀಟಕ್ಕ.

ಆ ದಿನ ಇನ್ನೂ ಹನ್ನೊಂದು ಕಿಲೋಮೀಟರ್ ಹೋದರು. ಅಷ್ಟಕ್ಕೆ ನಾದಿನಿ ಸೊಂಟ ಹಿಡಿಯಿತು ಅಂದಳು, ತಿರುಗಿಸಿಕೊಂಡು ಬಂದರು. ಮನೆಯ ಮೆಟ್ಟಿಲಲ್ಲಿ ಈಗಲೂ ಇಬ್ಬರಿಗೂ ಹೆಚ್ಚು ಮಾತಿಲ್ಲ. ಆದರೆ ತಿಂಗಳಿಗೊಮ್ಮೆ ನಾದಿನಿ ಹೆಲ್ಮೆಟ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ. ಹಿಂದಿನ ಸಲಕ್ಕಿಂತ ಒಂದೂರು ಮುಂದೆ ಹೋಗಿ, ಚಹಾ ಕುಡಿದು, ಕತ್ತಲಾಗುವ ಮುಂಚೆ ಮರಳುತ್ತಾರೆ. ಆ ಸರೋವರಕ್ಕೆ ಅರ್ಧ ದಾರಿಯೂ ಆಗಿಲ್ಲ. ಹಿಂದೆ ಒಂದು ಗೇಣು ಜಾಗ ಬಿಡುವುದನ್ನು ನಾದಿನಿ ಮರೆಯುವುದಿಲ್ಲ. ಮರಳಿ ಬಂದ ಮೇಲೆ ಗಾಡಿಯನ್ನು ಅಂಗಡಿಗೆ ನಿಲ್ಲಿಸಿ, ಸೀಟಕ್ಕ ಒಂದು ಬಟ್ಟೆ ತೆಗೆದುಕೊಂಡು ಗಾಳಿಗಾಜಿಗೆ ಅಂಟಿದ ಹುಳುಗಳನ್ನು ಒರೆಸುತ್ತಾಳೆ, ನಾದಿನಿ ಶಟರ್ ಹಿಡಿದುಕೊಂಡು ಕಾಯುತ್ತಾಳೆ.